ಐದನೆಯ ವಿಷಯ

ಏಪ್ರಿಲ್ ಬಂತೆಂದರೆ ಅದೇ ಕಡತ ತೆರೆಯುತ್ತೇನೆ.
ಬದಲಾಗುವುದು ಎರಡೇ: ಇಸವಿ, ಮೇಯರ ಹೆಸರು.
ಉಳಿದದ್ದೆಲ್ಲ ಇದ್ದ ಹಾಗೇ,
ಏಳು ‘ಏಕೆಂದರೆ’, ಕೊನೆಗೊಂದು ‘ಆದಕಾರಣ’.

ಏಕೆಂದರೆ ಮರ ನೆರಳು ಕೊಡುತ್ತದೆ,
ಏಕೆಂದರೆ ಮರ ಗಾಳಿಗೆ ಅಡ್ಡ ನಿಲ್ಲುತ್ತದೆ,
ಏಕೆಂದರೆ ಮರವಿದ್ದ ಬೀದಿಯಲ್ಲಿ ಮನೆಗೆ ಬೆಲೆ ಹೆಚ್ಚು.
ಇದನ್ನು ಎಂಬತ್ತಾರರಲ್ಲಿ ಸೇರಿಸಿದ್ದು
ಆಗ ಮೇಯರಾಗಿದ್ದ ಮನೆ ದಲ್ಲಾಳಿ ಓರ್ವಿಲ್ ಸ್ಟ್ರಾಟ್‌ಮನ್.
ಸತ್ತು ಹತ್ತು ವರ್ಷವಾಯಿತು,
ತೆಗೆಯುವ ಧೈರ್ಯ ಇನ್ನೂ ಯಾರಿಗೂ ಬಂದಿಲ್ಲ.
ಆದಕಾರಣ ಈ ತಿಂಗಳ ಕಡೆಯ ಶುಕ್ರವಾರವನ್ನು
ನೆಬ್ರಾಸ್ಕಾದ ಕೊಲ್ಟನ್ ಪಟ್ಟಣದಲ್ಲಿ
ಮರ ನೆಡುವ ಹಬ್ಬವೆಂದು ಈ ಮೂಲಕ ಸಾರಲಾಗಿದೆ.

ನಾನು ಡೊರೊಥಿ ವ್ರಬ್ಕಾ, ಪಟ್ಟಣದ ಗುಮಾಸ್ತೆ.
ವ್ರಬ್ಕಾ ಅಂದರೆ ಎಳೆಯ ವಿಲೋ ಗಿಡ,
ಮುತ್ತಜ್ಜ ಬಿಟ್ಟುಬಂದ ಭಾಷೆಯಲ್ಲಿ.
ಹುಲ್ಲು ಬಿಟ್ಟರೆ ಏನೂ ನಿಲ್ಲದ ಈ ಬಯಲಿಗೆ
ಆತ ಹೊತ್ತು ತಂದ ಮರ ಅದೊಂದೇ.

ಮಂಗಳವಾರ ಸಂಜೆ ಏಳಕ್ಕೆ ಸಭೆ.
ನಾಲ್ಕನೆಯ ವಿಷಯ: ಘೋಷಣೆ.
ಮೂರನೆಯ ಕ್ಲಾಸಿನ ಹನ್ನೊಂದು ಮಕ್ಕಳು
ಕಾಗದದ ಎಲೆಗಳ ಕಿರೀಟ ತೊಟ್ಟು ಸಾಲಾಗಿ ನಿಂತಿದ್ದವು.
ಮೇಯರ್ ಗಟ್ಟಿಯಾಗಿ ಓದಿದಳು,
ದ್ಯುತಿಸಂಶ್ಲೇಷಣೆಯ ಹತ್ತಿರ ಎಡವಿ, ಸಾವರಿಸಿಕೊಂಡು.
ಸಹಿ. ಬಂಗಾರದ ಬಣ್ಣದ ಮೊಹರು. ಚಪ್ಪಾಳೆ.
ಕಿರೀಟ ಕಣ್ಣಿಗಿಳಿದಿದ್ದ ಒಬ್ಬ, ವಿಲ್ಮೆರ್ ಇಶ್ಕೋಯ್,
ಕೈಯೆತ್ತಿ ಕೇಳಿದ:
‘ಹಾಗಾದರೆ ಶುಕ್ರವಾರ ಶಾಲೆಗೆ ರಜವಾ?’
‘ಇಲ್ಲ ಪುಟ್ಟಾ.’
‘ಅಮ್ಮನ ಮಾಂಸದ ಕಾರ್ಖಾನೆಗೆ?’
‘ಅದಕ್ಕಂತೂ ಇಲ್ಲ.’
‘ಮತ್ತೆ ಹಬ್ಬ ಯಾರಿಗೆ?’
ಎಲ್ಲರೂ ನಕ್ಕರು.
ನಗುವನ್ನು ನಡಾವಳಿಯಲ್ಲಿ ಬರೆಯುವ ಪದ್ಧತಿಯಿಲ್ಲ.

ಮಕ್ಕಳು ಬಿಸ್ಕತ್ತು ತಿಂದು ಮನೆಗೆ ಹೋದವು.
ಐದನೆಯ ವಿಷಯ: ಆಷ್ ಮರಗಳ ತೆರವು, ಗುತ್ತಿಗೆ.
ಹಸಿರು ಜೀರುಂಡೆ ಹೊಕ್ಕ ನಲವತ್ಮೂರು ಮರ.
ಪರ ಐದು, ವಿರೋಧ ಸೊನ್ನೆ.
ಅದೇ ಮೇಜು, ಅದೇ ಪೆನ್ನು.
ಮೊದಲ ಸಹಿಯ ಶಾಯಿ ಇನ್ನೂ ಹಸಿಯಾಗಿತ್ತು
ಅಂದರೆ ಪದ್ಯಕ್ಕೆ ಚೆನ್ನ. ಆರಿತ್ತು.

ಪಟ್ಟಿಯಲ್ಲಿ ಹದಿನೇಳನೆಯದು ಶಾಲೆಯ ಬೇಲಿ ಪಕ್ಕದ್ದು.
ಅರವತ್ತೊಂಬತ್ತರಲ್ಲಿ ನೆಟ್ಟದ್ದು,
ನೆಟ್ಟವರು ಮೂರನೆಯ ಕ್ಲಾಸಿನ ನಾವು.
ಆಗಲೂ ಕಾಗದದ ಕಿರೀಟ, ‘ಏಕೆಂದರೆ’ ಮಾತ್ರ ಆರೇ.
ರೋಗ ಬಡಿದು ಬೀದಿಯ ಎಲ್ಮ್‌ಗಳೆಲ್ಲ ಹೋಗಿದ್ದವು;
ಆಷ್ ಗಟ್ಟಿ ಜಾತಿ, ಇದಕ್ಕೇನೂ ಆಗುವುದಿಲ್ಲ
ಅಂದಿದ್ದರು ದೊಡ್ಡವರು.
ನನ್ನ ಪಾಲಿಗೆ ಬಂದದ್ದು ಒಂದು ಹಿಡಿ ಮಣ್ಣು,
ಅದರೊಳಗೆ ಮಿಸುಕುವ ಎರೆಹುಳು.
ಕಿರುಚಿದೆ.
‘ಅದನ್ನೂ ಹಾಕು’ ಎಂದರು ಎಲ್ವಾ ಟೀಚರ್.
ಹಾಕಿದೆ. ಐವತ್ತು ಚಿಲ್ಲರೆ ವರ್ಷ,
ಆ ಮರ ಕಂಡಾಗೆಲ್ಲ ಅಂಗೈ ತಣ್ಣಗಾಗುತ್ತದೆ.

ಶುಕ್ರವಾರ ಟೋಪಿ ನಿಲ್ಲದಂಥ ಗಾಳಿ.
ಗುಂಡಿಯನ್ನು ನೀರು ವಿಭಾಗದ ಲೆಸ್ಟರ್
ನಸುಕಿನಲ್ಲೇ ಯಂತ್ರ ತಂದು ತೋಡಿ,
ಯಾರ ಕಣ್ಣಿಗೂ ಬೀಳದೆ ಹೋಗಿದ್ದ.
ಬಂಗಾರದ ಬಣ್ಣ ಬಳಿದ ಸಲಿಕೆಯಲ್ಲಿ
ಮೇಯರ್ ಮೂರು ಸಲ ಮಣ್ಣು ಹಾಕಿದಳು,
ಪತ್ರಿಕೆಯವನು ಕೇಳಿದ್ದಕ್ಕೆ ನಾಲ್ಕನೆಯ ಸಲ.
‘ಓಕ್ ಗಟ್ಟಿ ಜಾತಿ,’ ಎಂದಳು, ‘ಇದಕ್ಕೇನೂ…’
ಗಾಳಿ ಘೋಷಣೆಯನ್ನೇ ಕಿತ್ತುಕೊಂಡು ಹೋಯಿತು.
ಬೆನ್ನಟ್ಟಿದವನು ವಿಲ್ಮೆರ್. ಬೇಲಿಯ ಬಳಿ
ಎರಡೂ ಕಾಲಿಂದ ಮೆಟ್ಟಿ ಹಿಡಿದ.
ಮೊಹರಿನ ಪಕ್ಕ ಬೂಟಿನ ಗುರುತು, ಹಸಿ ಮಣ್ಣು.
ಒರೆಸದೆ ಹಾಗೇ ಕಡತಕ್ಕೆ ಸೇರಿಸಿದೆ.

ಸೋಮವಾರ ಗರಗಸದವರು ಹದಿನೇಳಕ್ಕೆ ಬಂದರು.
ಕಿಟಕಿ ಮುಚ್ಚಿಕೊಂಡು ನಡಾವಳಿ ಟೈಪಿಸಿದೆ.
ನಾಲ್ಕನೆಯ ವಿಷಯದ ಕೆಳಗೆ, ನಿಯಮದಂತೆ,
ಸಾರ್ವಜನಿಕರ ಅಹವಾಲು: ಒಂದು.
ಉತ್ತರ: ಬಾಕಿ.